ಹಳೆ ಗಂಟಿನ ಹೊಸ ಸೀರೆ

ಕೊಣನೂರಿನಿಂದ ಹೊಳೆಯ ಕಡೆಗೆ ಇಳಿಯುವ ರಸ್ತೆಯಲ್ಲಿ ನಿಂತು ರಾಮಣ್ಣನವರ ಮನೆ ಯಾವುದೆಂದು ಕೇಳಿದರೆ, “ಬೊಂತೆ ಚಿಕ್ಕಲಕ್ಷ್ಮಮ್ಮನ ಮನ್ಯಾ?” ಎಂದು ಜನ ತಿರುಗಿ ಕೇಳುತ್ತಿದ್ದರು. ಒಂದು ಕಾಲಕ್ಕೆ ಪಂಚಾಯ್ತಿ ಮೆಂಬರಾಗಿದ್ದ ರಾಮಣ್ಣನಿಗೆ ಇದು ಅಷ್ಟಾಗಿ ಹಿಡಿಸುತ್ತಿರಲಿಲ್ಲ. ಆದರೆ ಮಾಡುವುದೇನು? ಸುತ್ತಿನ ಹಳ್ಳಿಗಳಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಅದರ ಮೈಕೆಳಗೆ ಮೊದಲು ಹಾಸುತ್ತಿದ್ದದ್ದು ಅವನ ಹೆಂಡತಿ ಹೊಲಿದ ಬೊಂತೆಯನ್ನೇ. ಹಳೆಯ ಸೀರೆಗಳನ್ನು ಪದರದ ಮೇಲೆ ಪದರವಾಗಿ ಹಾಸಿ, ಅಂಚಿನಿಂದ ಹಿಡಿದು ನಡುವಿನವರೆಗೂ ಸುತ್ತಿ ಸುತ್ತಿ ಕೈಹೊಲಿಗೆ ಹಾಕಿದ ಆ ಹೊದಿಕೆಗಳು ಎಷ್ಟು ಒಗೆದರೂ ಎಳೆ ಬಿಡುತ್ತಿರಲಿಲ್ಲ.

ಸೌಜನ್ಯ ದೊಡ್ಡಗದ್ದವಳ್ಳಿಯಿಂದ ಈ ಮನೆಗೆ ಸೊಸೆಯಾಗಿ ಬಂದಾಗ ಅವಳ ಜೊತೆಗೆ ಒಂದು ಹೊಲಿಗೆ ಮಿಷನ್ನೂ ಬಂದಿತ್ತು. ರವಿಕೆ, ಸ್ಕೂಲ್ ಯೂನಿಫಾರಂ ಹೊಲಿಯುವುದು ಅವಳಿಗೆ ಮೊದಲೇ ಗೊತ್ತಿತ್ತು. ಬೊಂತೆ ಕಲಿಸಿದವಳು ಅತ್ತೆ. ಕಲಿಸಲು ಕೂತ ಮೊದಲ ದಿನ ಅವಳು ಸೂಜಿಯ ಮಾತನ್ನೇ ಎತ್ತಲಿಲ್ಲ.

“ಉಟ್ಟು ಉಟ್ಟು ಸವ್ದಿರೋ ಸೀರೆಗೇ ಕತ್ರಿ ಇಕ್ಕಬೇಕು ಮಗ. ಉಡದೇ ಇರೋದನ್ನ ಕತ್ತರಿಸಿದ್ರೆ, ಉಡಬೇಕಾದೋರ ಋಣಾನೇ ಕತ್ತರಿಸ್ದಂಗೆ.”

“ಅದು ಹೆಂಗೆ ಗೊತ್ತಾಗುತ್ತೆ ಅತ್ತೆ?”

“ಕಣ್ಣಲ್ಲಿ ನೋಡಬ್ಯಾಡ, ಕೈಯಲ್ಲಿ ನೋಡು. ಸವ್ದಿರೋ ಬಟ್ಟೆ ಕೈಗೆ ಮಣೀತದೆ.”

ಸೌಜನ್ಯ ಹಾಗೆಯೇ ಮಾಡಿಕೊಂಡು ಬಂದಳು. ಒಂದು ದಿನ ತಪ್ಪಿತು.

ಆಷಾಢದ ಜಡಿಮಳೆ ಹಿಡಿದಿದ್ದ ಕಾಲ. ಚಿಕ್ಕಲಕ್ಷ್ಮಮ್ಮನಿಗೆ ಹಿತ್ತಲಿಗೆ ಹೋಗಿ ಬಂದರೆ ಏದುಸಿರು ಬರುತ್ತಿತ್ತು. ಮಗ ಅರುಣ್‌ಕುಮಾರ್ ಡೈರಿಯಲ್ಲಿ ಬೆಳಗಿನ ಹಾಲು ಅಳೆಸುವ ಕೆಲಸ ಮುಗಿಸಿ, ತಾಯಿಯನ್ನು ಹಾಸನಕ್ಕೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದ. ಆ ದಿನವೇ ಶ್ರವಣಬೆಳಗೊಳದಿಂದ ಶೋಭಿತಾ ಫೋನ್ ಮಾಡಿದಳು. ಯಾತ್ರಿಕರು ಓಡಾಡುವ ಬೀದಿಯಲ್ಲಿ ಅವಳದೊಂದು ಕೈಕೆಲಸದ ಸಾಮಾನಿನ ಅಂಗಡಿ.

“ಸೌಜನ್ಯ, ಆ ದೊಡ್ಡ ಬೊಂತೆ ಬೇಗ ಬೇಕು ಕಣೆ. ಮೇಲಿನ ಪದರಕ್ಕೆ ಸ್ವಲ್ಪ ಬಣ್ಣ ಇರೋ ಸೀರೆ ಹಾಕು. ಹೋದ ಸಲ ಬೂದಿ ಬಣ್ಣದ್ದು ಕಳಿಸಿದ್ದೆ, ನೋಡ್ದೋರೆಲ್ಲ ಮೂಗು ಮುರಿದ್ರು.”

ಬಣ್ಣದ ಸೀರೆ ಹುಡುಕುತ್ತ ಸೌಜನ್ಯ ಅಟ್ಟ ಹತ್ತಿ ಹಳೆ ಬಟ್ಟೆಯ ಗಂಟು ಇಳಿಸಿದಳು. ತಳದಲ್ಲಿ, ಹರಿದ ಸೀರೆಯೊಂದರ ಒಳಗೆ ಸುತ್ತಿಟ್ಟ ಇನ್ನೊಂದು ಸೀರೆ ಸಿಕ್ಕಿತು. ಗಿಳಿಹಸಿರು ಮೈ, ಕುಂಕುಮದ ಅಂಚು. ಮಡಿಕೆಯ ಗೆರೆಗಳಲ್ಲಿ ಬಣ್ಣ ಮಾಸಿತ್ತು. ಒಂದು ಮೂಲೆಯಲ್ಲಿ ಜಿರಲೆ ತಿಂದ ತೂತು. ಚಿಂದಿಯ ಗಂಟಿನಲ್ಲಿರುವುದು ಚಿಂದಿಯೇ ಇರಬೇಕು ಎಂದುಕೊಂಡಳು. ಬಿಡಿಸಿ ಹಾಸಿದಾಗ ಬಟ್ಟೆ ಅಂಗೈಗೆ ಮಣಿಯಲಿಲ್ಲ, ಗಂಜಿಯ ಬಿಗಿ ಇನ್ನೂ ಇತ್ತು. ಕೈ ಒಂದು ಗಳಿಗೆ ತಡೆಯಿತು. ಅಷ್ಟರಲ್ಲಿ ಒಲೆಯ ಮೇಲೆ ಹುರುಳಿಕಾಳು ಉಕ್ಕಿದ ಸದ್ದು. ಓಡಿಹೋಗಿ ಉರಿ ತಗ್ಗಿಸಿ ಬಂದವಳು, ಬಂದ ಕೈಯಲ್ಲೇ ಕತ್ತರಿ ಎತ್ತಿಕೊಂಡಳು.

ಹಾಸನದಿಂದ ಅತ್ತೆ ಮಾತ್ರೆಗಳ ಪೊಟ್ಟಣ ಹಿಡಿದು ಬಂದಳು. ಉಪ್ಪು ಕಡಿಮೆ ಮಾಡಬೇಕು, ಮೆಟ್ಟಿಲು ಹತ್ತಬಾರದು, ಭಾರ ಎತ್ತಬಾರದು. ಸೂಜಿ ಎತ್ತಬಾರದೆಂದು ಡಾಕ್ಟರು ಹೇಳಿರಲಿಲ್ಲವಾದ್ದರಿಂದ ಮೂರನೇ ದಿನಕ್ಕೆ ನಡುಮನೆಯಲ್ಲಿ ಕಾಲು ಚಾಚಿ ಕೂತು, “ಇತ್ಲಾಗೆ ತಾ ಮಗ, ನಿನ್ ಬೊಂತೆ ಒಂದು ಮೂಲೆ ನಂಗೂ ಕೊಡು” ಎಂದಳು. ಮೊಮ್ಮಗಳು ತನ್ಮಯಿ ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು.

“ಅಜ್ಜಿ, ಇಷ್ಟೊಂದು ದಾರ ಪೋಣಿಸ್ಕೊಟ್ರೆ ನಂಗೇನು ಕೊಡ್ತೀಯಾ?”

“ನಿನ್ ಗಂಡ ಬಂದಾಗ ಅವ್ನ್ಗೊಂದು ಬೊಂತೆ ಒಲ್ಕೊಡ್ತೀನಿ.”

“ಗಂಡ ಬ್ಯಾಡ. ಸೈಕಲ್ ಬೇಕು.”

“ಸೈಕಲ್ಲು ಒದ್ಕಂಡು ಮನಿಕ್ಕತೀಯಾ ಚಳೀಲಿ?”

ನಗುತ್ತಲೇ ಬೊಂತೆಯನ್ನು ತೊಡೆಯ ಮೇಲೆ ತಿರುಗಿಸಿಕೊಂಡ ಚಿಕ್ಕಲಕ್ಷ್ಮಮ್ಮನ ಕೈ ಹಸಿರು ತುಂಡಿನ ಮೇಲೆ ಬಂದು ನಿಂತಿತು. ಬೆರಳಿನಿಂದ ಅದನ್ನು ಸವರಿದಳು. ಕುಂಕುಮದ ಅಂಚು ಎಲ್ಲಿದೆ ಎಂದು ಹುಡುಕಿದಳು. ಅಂಚು ಬೊಂತೆಯ ಸುತ್ತಲೂ ಪಟ್ಟಿಯಾಗಿ ಕೂತಿತ್ತು.

“ಇದೆಲ್ಲಿತ್ತು ಸೌಜನ್ಯ?”

“ಅಟ್ಟದ ಗಂಟಲ್ಲಿ ಅತ್ತೆ. ಹರಿದಿರೋ ಸೀರೆ ಒಳಗೆ ಸುತ್ತಿತ್ತು.”

“ಸೆರಗು?”

“ಸೆರಗೂ ಹಾಕಿದೀನಿ. ನಡುವೆ ಇದೆಯಲ್ಲ, ಅದೇ.”

ಅತ್ತೆ ಬೈಯಲಿಲ್ಲ. ಹಿಡಿದ ಸಾಲನ್ನು ಕೊನೆಯವರೆಗೂ ಹೊಲಿದಳು, ಗಂಟು ಹಾಕಿದಳು, ದಾರ ಕಚ್ಚಿ ತುಂಡರಿಸಿದಳು. “ಒಸಿ ಮನಿಕ್ಕತೀನಿ” ಎಂದು ಗೋಡೆ ಹಿಡಿದು ಎದ್ದು ಹೋದಳು. ಕೈ ತಡೆದದ್ದು ಆಗ ಸೌಜನ್ಯಳಿಗೆ ನೆನಪಾಯಿತು.

ಅಂದಿನಿಂದ ಚಿಕ್ಕಲಕ್ಷ್ಮಮ್ಮ ತಟ್ಟೆಯ ಮುಂದೆ ಕೂರುವಳು, ಮುದ್ದೆಯ ಒಂದು ತುತ್ತು ಮುರಿದು ಸಾರಿನಲ್ಲಿ ಅದ್ದಿ ಹಾಗೇ ಬಿಡುವಳು. ಮಜ್ಜಿಗೆ ಕುಡಿದು ಏಳುವಳು. ಎರಡು ದಿನ ನೋಡಿದ ರಾಮಣ್ಣ ಮೂರನೆಯ ದಿನ ಸೊಸೆಯ ಮೇಲೆ ರೇಗಿದ.

“ಉಪ್ಪಿಲ್ಲದ ಸಾರು ಯಾರಮ್ಮ ಉಣ್ತಾರೆ? ಡಾಕ್ಟ್ರು ಕಮ್ಮಿ ಹಾಕು ಅಂದ್ರೆ ನೀನು ಪೂರಾನೇ ಬಿಟ್ಬುಟ್ಟಿದೀಯಾ?”

“ಉಪ್ಪಲ್ಲ ತಾತ,” ಎಂದಳು ತನ್ಮಯಿ, ತನ್ನ ತಟ್ಟೆಯಿಂದ ತಲೆಯೆತ್ತದೆ. “ಅಮ್ಮ ಅಜ್ಜಿ ಹಸಿರು ಸೀರೆ ಕತ್ತರಿಸ್ಬಿಟ್ಳು. ಅದಕ್ಕೇ ಅಜ್ಜಿ ಅಳ್ತಾಳೆ. ನಾನು ನೋಡ್ದೆ.”

“ಯಾವ ಹಸಿರು ಸೀರೆ?”

ರಾಮಣ್ಣ ಹೆಂಡತಿಯ ಕಡೆ ನೋಡಿದ. ಅವಳು ಅವನನ್ನೇ ನೋಡುತ್ತಿದ್ದಳು.

“ನಮ್ಮಣ್ಣ ತಂದಿದ್ದು,” ಎಂದಳು.

ಅದು ಸೌಜನ್ಯ ಈ ಮನೆಗೆ ಬರುವುದಕ್ಕೆ ಮುಂಚಿನ ಮಾತು. ಚಿಕ್ಕಲಕ್ಷ್ಮಮ್ಮನ ತವರು ಚನ್ನರಾಯಪಟ್ಟಣ. ಅಣ್ಣ ಚಲುವಯ್ಯ ಪ್ರತಿವರ್ಷ ಗೌರಿ ಹಬ್ಬಕ್ಕೆ ಬಾಗಿನ ಹೊತ್ತು ತಂಗಿಯ ಮನೆಗೆ ಬರುತ್ತಿದ್ದ. ಆ ಹಸಿರು ಸೀರೆ ತಂದ ವರ್ಷವೇ ಅವನ ಮಗ ಮನೋಹರನ ಮದುವೆ. ಛತ್ರದಲ್ಲಿ ರಾಮಣ್ಣ ಮನೆಯ ಅಳಿಯನ ಗತ್ತಿನಲ್ಲಿ ಮೊದಲ ಪಂಕ್ತಿಯಲ್ಲಿ ಕೂತಿದ್ದ. ಎಲೆಗೆ ಪಾಯಸ ಬಿದ್ದಿತ್ತು. ಅಷ್ಟರಲ್ಲಿ ಹೆಣ್ಣಿನ ಕಡೆಯವರು ಬಂದರು. ಬಡಿಸುವವನೊಬ್ಬ, ಈತ ಯಾರೆಂದು ತಿಳಿಯದೆ, “ನೀವೊಸಿ ಮುಂದಿನ ಪಂಕ್ತೀಗೆ ಬನ್ನಿ ಸಾ” ಎಂದು ಭುಜ ಮುಟ್ಟಿ ಎಬ್ಬಿಸಿದ. ರಾಮಣ್ಣ ಎದ್ದವನು ಕೈ ತೊಳೆಯಲೂ ನಿಲ್ಲಲಿಲ್ಲ. ಚಲುವಯ್ಯ ಬಸ್‌ಸ್ಟ್ಯಾಂಡಿನವರೆಗೆ ಹಿಂದೆ ಓಡಿಬಂದು ಕೈ ಮುಗಿದರೂ ತಿರುಗಿ ನೋಡಲಿಲ್ಲ. ಮನೆಗೆ ಬಂದು, ‘ಆ ಮನೇದು ಒಂದೆಳೆ ನೂಲೂ ನನ್ ಬೀರಲ್ಲಿ ಇರಬಾರ್ದು’ ಎಂದು ತವರಿನ ಸೀರೆಗಳನ್ನೆಲ್ಲ ತೆಗೆಸಿ ಆಳುಗಳಿಗೆ ಹಂಚಿಸಿದ. ಮರುವರ್ಷ ಚಲುವಯ್ಯ ತೀರಿಕೊಂಡ. ಬಾಗಿನ ಬರುವುದು ನಿಂತಿತು. ಸೀರೆಗಳನ್ನು ಹಂಚಿಸಿದ ದಿನ, ಇನ್ನೂ ಉಡದಿದ್ದ ಆ ಒಂದನ್ನು ಮಾತ್ರ ಚಿಕ್ಕಲಕ್ಷ್ಮಮ್ಮ ಬೀರುವಿನಿಂದ ತೆಗೆದಳು, ಹಂಚಲಿಲ್ಲ. ಗಂಡಸರ ಕೈ ಎಂದೂ ಹೋಗದ ಜಾಗ ಯಾವುದೆಂದು ಯೋಚಿಸಿ, ಚಿಂದಿಯ ಗಂಟಿನೊಳಗೆ ಚಿಂದಿಯಾಗಿ ಮಲಗಿಸಿದ್ದಳು.

“ಅಂದ್ರೆ ಇಷ್ಟು ವರ್ಷ ನನ್ ಕಣ್ಗೆ ಮಣ್ಣೆರಚಿದ್ದೆ,” ಎಂದ ರಾಮಣ್ಣ.

“ಎರಚಿದ್ದೆ.”

“ಯಾತುಕ್ಕೆ? ನಿನ್ಗೆ ಸೀರೆಗೇನು ಬಡತನ ಮಾಡಿದ್ನಾ ನಾನು? ನಾಳೆ ಅರಕಲಗೂಡ್ಗೆ ಓಗಿ ಅಂತಾದ್ದೇ ತತ್ತೀನಿ. ಅದುಕ್ಕಿಂತ ಚೆನ್ನಾಗಿರೋದೇ ತತ್ತೀನಿ.”

“ನೀವು ತಂದಿದ್ದು ಉಟ್ಕಂಡೇ ಬದುಕಿದೀನಿ, ಅದುನ್ನೇ ಉಟ್ಕಂಡು ಓಯ್ತೀನಿ. ಮ್ಯಾಲೆ ಒದ್ಸೋದು ನೀವು ಕೊಡಕಾಗಲ್ಲ. ಅದು ತವರ್ನೋರು ಕೊಡಬೇಕು. ನಾನೇನು ದಿಕ್ಕಿಲ್ದೋಳಾ, ಎಲ್ಲೋ ಸಿಕ್ಕಿದ್ನಾ ನಿಮ್ಗೆ?”

ಅರುಣ್ ಎದ್ದು ಕೈ ತೊಳೆದು, “ಯಾಕವ್ವ ಸಾಯೋ ಮಾತು? ಡಾಕ್ಟ್ರು ಏನೂ ಭಯ ಇಲ್ಲ ಅಂದವ್ರೆ” ಎಂದ. ಮುತ್ತೈದೆ ಸತ್ತರೆ ತವರಿನವರು ಸೀರೆ ತಂದು ಮೈಮೇಲೆ ಹೊದಿಸುವವರೆಗೆ ಹೆಣ ಎತ್ತುವುದಿಲ್ಲ ಎನ್ನುವುದು ಆ ಕಡೆಯ ರೂಢಿ. ತವರು ಬರದ ಹೆಣದ ಸುತ್ತ ಊರಿನ ಹೆಂಗಸರು ಆಡುವ ಮಾತು ಎಂಥದೆಂದು ಸೌಜನ್ಯ ಕೇಳಿ ಬಲ್ಲಳು.

ಒಳಗೆ ಹೋಗಿ ಅವಳು ಅತ್ತೆಯ ಕಾಲು ಹಿಡಿದಳು. “ಕೈಗೆ ಗೊತ್ತಾಗಿತ್ತು ಅತ್ತೆ. ಗೊತ್ತಾಗೂ ಕತ್ತರಿಸಿದೆ.”

“ಬಿಡು ಮಗ. ಚಿಂದಿ ಒಳಗೆ ಇಟ್ಟೋಳು ನಾನೇ ಅಲ್ವಾ? ನೀನೇನು ಮಾಡೀಯೇ.” ಕಾಲಿನಿಂದ ಅವಳ ಕೈ ಬಿಡಿಸಿ, “ಬೊಂತೆ ಮುಗ್ಸಿ ಕಳ್ಸು. ಬಿಚ್ಚಕ್ಕೆ ಓಗ್ಬ್ಯಾಡ. ಬಿಚ್ಚಿದ್ರೆ ಅದು ಸೀರೆ ಆಗಕಿಲ್ಲ” ಎಂದಳು.

ಬೊಂತೆ ಶ್ರವಣಬೆಳಗೊಳಕ್ಕೆ ಹೋಯಿತು. ಬಹಳ ಚೆನ್ನಾಗಿದೆಯೆಂದು ಶೋಭಿತಾ ಫೋನಿನಲ್ಲಿ ಹೊಗಳಿದಳು. ಸೌಜನ್ಯ ಅದನ್ನು ಮನೆಯಲ್ಲಿ ಹೇಳಲಿಲ್ಲ.

ಶ್ರಾವಣದ ಮೊದಲ ವಾರ, ಹೊಳೆನರಸೀಪುರಕ್ಕೆ ಹೋಗಿ ದಾರ, ಲೈನಿಂಗ್ ಬಟ್ಟೆ ತರುತ್ತೇನೆಂದು ಮಾವನಿಗೆ ಹೇಳಿ ಹೊರಟಳು. ಹೊಳೆನರಸೀಪುರದಲ್ಲಿ ಇಳಿದವಳು ನರಸಿಂಹಸ್ವಾಮಿಗೆ ಅಲ್ಲಿಂದಲೇ ಕೈ ಮುಗಿದು, ಚನ್ನರಾಯಪಟ್ಟಣದ ಬಸ್ಸು ಹತ್ತಿದಳು. ಮನೋಹರನ ಹಾರ್ಡ್‌ವೇರ್ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಅವನನ್ನು ಅವಳು ನೋಡಿದ್ದು ಅದೇ ಮೊದಲು. ಗಲ್ಲದ ಮೇಲಿನ ಗುಳಿ ಅತ್ತೆಯದೇ.

“ನಾನು ಕೊಣನೂರು ಕಡೆಯವಳು ಅಣ್ಣ. ನಿಮ್ಮ ಸೋದರತ್ತೆ ಸೊಸೆ.”

ಅವನು ಮೊಳೆ ತೂಗುತ್ತಿದ್ದ ಕೈ ನಿಲ್ಲಿಸಿದ. ಅಂಗಡಿಯ ಹಿಂದಿನ ಮನೆಗೆ ಕರೆದುಕೊಂಡು ಹೋಗಿ ಕೂರಿಸಿದ. ಅವನ ಹೆಂಡತಿ ಕಾಫಿ ತಂದಿಟ್ಟಳು. ಸೌಜನ್ಯ ಅತ್ತೆಯ ಕಾಯಿಲೆ ಹೇಳಿದಳು, ಸೀರೆಯ ಕತೆ ಹೇಳಿದಳು, ತಾನು ಮಾಡಿದ ತಪ್ಪು ಹೇಳಿದಳು. ಕೊನೆಗೆ, “ಒಂದು ಸೀರೆ ಕೊಟ್ಟರೆ ತಗೊಂಡು ಹೋಗ್ತೀನಿ ಅಣ್ಣ” ಎಂದಳು.

ಮನೋಹರ ಬಹಳ ಹೊತ್ತು ಗೋಡೆಯ ಮೇಲಿನ ಅಪ್ಪನ ಫೋಟೋ ನೋಡಿದ.

“ಮಾವ ಎಲೆ ಬಿಟ್ಟು ಎದ್ದು ಹೋದ್ರು ಅಂತ ನಮ್ಮಪ್ಪ ಆಮೇಲೆ ಒಂದು ದಿನ ಪಾಯಸ ಮುಟ್ಟಲಿಲ್ಲ, ಗೊತ್ತಾ ನಿನಗೆ? ಸಾಯೋ ಹಿಂದಿನ ದಿನಾನೂ ‘ತಂಗಿ ಬಂದ್ಲಾ’ ಅಂತ ಕೇಳ್ದ. ಅತ್ತೆ ಬಂದಿದ್ದು ಹೆಣ ನೋಡಕ್ಕೆ. ಒಂದು ಲೋಟ ನೀರು ಕುಡೀದೆ ವಾಪಸ್ ಹೋದ್ರು.”

“ಮಾವನ ಭಯ ಅಣ್ಣ…”

“ಇರ್ಲಿ. ಈಗ ಸೀರೆ ಕೇಳ್ಕೊಂಡು ಬಂದಿದೀಯ. ತವರಿನ ಸೀರೆ ಯಾರಾದ್ರೂ ಕೇಳಿ ತಗೊಂಡು ಹೋಗ್ತಾರೇನಮ್ಮ? ಹಂಗೆ ಕೊಟ್ರೆ ಅದು ಭಿಕ್ಷೆ ಆಗುತ್ತೆ, ಬಾಗಿನ ಆಗಲ್ಲ. ಕಾಫಿ ಕುಡಿ, ಆರಿ ಹೋಗುತ್ತೆ.”

ಅವನ ಹೆಂಡತಿ ಬಾಗಿಲವರೆಗೆ ಬಂದು ಕುಂಕುಮ ಕೊಟ್ಟಳು. ಏನೋ ಹೇಳಲು ಬಾಯಿ ತೆರೆದಳು. ಅಂಗಡಿಯಿಂದ ಗಂಡ ಕೂಗಿದ, ಒಳಗೆ ಹೋದಳು.

ಸೌಜನ್ಯ ಮನೆ ಮುಟ್ಟಿದಾಗ ಚಿಕ್ಕಲಕ್ಷ್ಮಮ್ಮ ಜಗಲಿಯ ಮೇಲೆ ಕೂತು ಸೊಪ್ಪು ಸೋಸುತ್ತಿದ್ದಳು. ಸೊಸೆಯ ಕೈಯಲ್ಲಿ ಲೈನಿಂಗ್ ಬಟ್ಟೆ ಇರಲಿಲ್ಲ.

“ಚನ್ರಾಯಪಟ್ಣಕ್ಕೆ ಓಗಿದ್ಯಾ?”

“ಹೂಂ ಅತ್ತೆ.”

“ಕೇಳಿದ್ಯಾ?”

ಸೌಜನ್ಯ ತಲೆ ತಗ್ಗಿಸಿದಳು. ಅತ್ತೆಯ ಕೈಯಿಂದ ಸೊಪ್ಪಿನ ಕಟ್ಟು ಜಾರಿತು.

“ಅಯ್ಯೋ ಮಗಾ. ಕೇಳ್ಬಾರ್ದಾಗಿತ್ತು ಕಣೇ. ಅವ್ರಾಗಿ ಕೊಟ್ಟಾರು ಅನ್ನೋ ಆಸೆ ಒಂದಿತ್ತು ನಂಗೆ. ಕೇಳಿದ್ ಮ್ಯಾಲೆ ಅದೂ ಇಲ್ಲ. ಇನ್ ಅವ್ನು ತಂದ್ರೂ, ಕೇಳಿದ್ಕೆ ತಂದ ಅಂತಾನೇ ಆಯ್ತದೆ.” ಸೆರಗಿನಿಂದ ಮುಖ ಒರೆಸಿಕೊಂಡು, “ಬಾ ಇಲ್ಲಿ. ಕೈ ಮ್ಯಾಲೆ ಕೈ ಇಕ್ಕು. ನಾನು ಓದ್ ದಿನ ಪಟ್ಣಕ್ಕೆ ಯೋಳಿ ಕಳಿಸ್ಬ್ಯಾಡ. ಬತ್ತಾರೆ ಬತ್ತಾರೆ ಅಂತ ಬಾಗ್ಲು ನೋಡ್ಕಂಡು ನನ್ ಹೆಣ ಕಾಯಿಸ್ಬ್ಯಾಡಿ. ನಾಕು ಜನದ ಮುಂದೆ ನನ್ ತವರ ಮರ್ವಾದೆ ಓಗಬಾರ್ದು. ಯಾರಿಗೂ ಯೋಳಕ್ಕೆ ಬಿಡಬ್ಯಾಡ” ಎಂದಳು.

ಸೌಜನ್ಯ ಕೈ ಇಟ್ಟಳು. ಆ ಹೊತ್ತಿನಲ್ಲಿ ಅತ್ತೆ ಏನು ಕೇಳಿದ್ದರೂ ಅವಳು ಕೊಡುತ್ತಿದ್ದಳು.

ಆಮೇಲೆ ಮನೆ ಮೇಲುನೋಟಕ್ಕೆ ನೆಟ್ಟಗಾಯಿತು. ಚಿಕ್ಕಲಕ್ಷ್ಮಮ್ಮ ಒಂದಿಷ್ಟು ಉಣ್ಣತೊಡಗಿದಳು. ರಾಮಣ್ಣ ಅರಕಲಗೂಡಿಗೆ ಹೋಗಿ ಗಿಳಿಹಸಿರು ಸೀರೆಯೊಂದನ್ನು ತಂದು, ಹೆಂಡತಿಗೆ ಕೊಡಲು ನಾಚಿ, ಸೊಸೆಯ ಮಿಷನ್ನಿನ ಮೇಲಿಟ್ಟು ಹೋದ. ಚಿಕ್ಕಲಕ್ಷ್ಮಮ್ಮ ಅದನ್ನು ಶ್ರಾವಣ ಶನಿವಾರ ಉಟ್ಟು, ರಾಮನಾಥಪುರಕ್ಕೆ ಹೋಗಿ ದೇವರಿಗೆ ಹಣ್ಣುಕಾಯಿ ಮಾಡಿಸಿಕೊಂಡು ಬಂದಳು. “ಬಣ್ಣ ಒಪ್ಪುತ್ತೆ ನಿಂಗೆ” ಎಂದ ರಾಮಣ್ಣ. “ವಯಸ್ನಾಗೆ ಅಂದಿದ್ರೆ ಒಂದಷ್ಟು ಚೆನ್ನಾಗಿರ್ತಿತ್ತು” ಎಂದು ಅವಳೂ ನಕ್ಕಳು. ಗೌರಿ ಹಬ್ಬ ಇನ್ನೇನು ಹತ್ತಿರವಿತ್ತು. ಹಬ್ಬದ ಮಾತು ಬಂದಾಗಲೆಲ್ಲ ಅವಳು ಎದ್ದು ಹಿತ್ತಲಿಗೆ ಹೋಗುತ್ತಿದ್ದಳು.

ಒಂದು ಬೆಳಿಗ್ಗೆ ತನ್ಮಯಿಗೆ ಜಡೆ ಹಾಕುತ್ತ ಕೂತಿದ್ದವಳು, ಒಂದು ಜಡೆ ಮುಗಿಸಿ ಇನ್ನೊಂದಕ್ಕೆ ಟೇಪು ಹಿಡಿದವಳು, ಹಾಗೇ ಗೋಡೆಗೆ ಒರಗಿದಳು. ಹುಡುಗಿ, “ಅಜ್ಜಿ, ಬಸ್ಸು ಹೋಗುತ್ತೆ” ಎಂದು ಎರಡು ಸಲ ಕೂಗಿ ತಿರುಗಿ ನೋಡಿದಳು.

ಊರು ಸೇರಿತು. ತೋಟದ ಮೂಲೆಯಲ್ಲಿ ಗುಂಡಿ ತೋಡಲು ಜನ ಹೋದರು. ಬಾಗಿಲಲ್ಲಿ ಕೂತಿದ್ದ ಹಿರಿಯ ಹೆಂಗಸೊಬ್ಬಳು ಎಲ್ಲರಿಗೂ ಕೇಳುವಂತೆ, “ತವರ್ನೋರ್ಗೆ ಯೋಳಿದ್ರೇನ್ರಪ್ಪ?” ಎಂದಳು.

ಎಲ್ಲರೂ ರಾಮಣ್ಣನ ಮುಖ ನೋಡಿದರು. ಅವನು ಹೆಂಡತಿಯ ಕಾಲ ಬಳಿ ಕುಕ್ಕರಗಾಲಲ್ಲಿ ಕೂತಿದ್ದ. ತಲೆಯೆತ್ತಿ, “ಯೋಳೋ ಅರುಣ” ಎಂದ. “ಫೋನ್ ಮಾಡು ಆ ಮನೋಹರನ್ಗೆ. ನಾನೇ ಕರ್ದೆ ಅನ್ನು. ನಾನೇ ಕರ್ದೆ ಅಂತಾನೇ ಅನ್ನು.”

ಅರುಣ್ ಜೇಬಿನಿಂದ ಫೋನ್ ತೆಗೆದ.

“ಬೇಡ,” ಎಂದಳು ಸೌಜನ್ಯ.

ತನ್ನ ದನಿ ಅವಳಿಗೇ ಬೇರೆಯವರದೆನಿಸಿತು. “ಅತ್ತೆ ನನ್ನ ಕೈಲಿ ಆಣೆ ಹಾಕಿಸ್ಕೊಂಡಿದಾರೆ ಮಾವ. ಪಟ್ಣಕ್ಕೆ ಹೇಳ್ಬಾರದು, ನನ್ನ ಕಾಯಿಸ್ಬಾರದು ಅಂತ. ಯಾರಿಗೂ ಹೇಳಕ್ಕೆ ಬಿಡಬೇಡ ಅಂತ.”

“ಅವಳೇ ಅಂದ್ಲಾ?”

“ಹೂಂ.”

ರಾಮಣ್ಣ ಅರ್ಧ ಎದ್ದವನು ಮತ್ತೆ ಕೂತ. “ಅಂಗಾದ್ರೆ ಬ್ಯಾಡ. ನನ್ ಮಾತೇ ಬದುಕೆಲ್ಲ ನಡೆಸವ್ಳೆ. ಇವತ್ತೊಂದಿನ ಅವಳ ಮಾತು ನಡೀಲಿ.”

ಅರುಣ್ ಫೋನನ್ನು ಜೇಬಿಗೆ ಹಾಕಿದ. ಮಧ್ಯಾಹ್ನದ ಹೊತ್ತಿಗೆ ಎತ್ತಿದರು. ರಾಮಣ್ಣ ತಂದಿದ್ದ ಹಸಿರು ಸೀರೆಯನ್ನು ಉಡಿಸಿದ್ದರು. ಅದರ ಮೇಲೆ ಹೊದಿಸಲು ಏನೂ ಇರಲಿಲ್ಲ.

ಮೂರನೆಯ ದಿನ ಹಾಲುತುಪ್ಪ ಬಿಡಲು ಎಡೆ ಕಟ್ಟಿಕೊಂಡು ಹೊರಡುವ ಹೊತ್ತಿಗೆ ಮನೆಯ ಮುಂದೆ ಬಾಡಿಗೆ ಕಾರೊಂದು ನಿಂತಿತು. ಮನೋಹರ ಇಳಿದ, ಹಿಂದೆ ಅವನ ಹೆಂಡತಿ. ಅವನ ಕಂಕುಳಲ್ಲಿ ಒಂದು ಪ್ಲಾಸ್ಟಿಕ್ ಕವರು. ಕೊಣನೂರು ಸಂತೆಗೆ ಬಂದಿದ್ದ ಯಾರೋ ಪರಿಚಯದವರು ಹಿಂದಿನ ದಿನ ಸಂಜೆ ಅಂಗಡಿಯಲ್ಲಿ ಹೇಳಿದರಂತೆ. ಅವನು ಜಗಲಿ ಹತ್ತಲಿಲ್ಲ. ಅಂಗಳದಲ್ಲೇ ನಿಂತು ಸೌಜನ್ಯಳನ್ನು ನೋಡಿದ.

“ಒಂದು ಮಾತು ಹೇಳಿ ಕಳಿಸ್ಬಾರ್ದಾಗಿತ್ತೇನಮ್ಮ?”

ಮಾತಾಡಿದವಳು ಅವನ ಹೆಂಡತಿ.

“ನೀವು ಬಂದು ಹೋದ ಮಾರನೇ ದಿನವೇ ತಂದಿಟ್ರು. ಇವತ್ತೇ ಕೊಟ್ಟು ಬನ್ನಿ ಅಂದೆ. ಕೇಳಿದ್ದಕ್ಕೆ ಕೊಟ್ಟ ಹಾಗಾಗುತ್ತೆ, ಗೌರಿ ಹಬ್ಬಕ್ಕೆ ಬಾಗಿನ ಅಂತಲೇ ತಗೊಂಡು ಹೋಗೋಣ ಅಂದ್ರು. ಮೊರ ತಂದು ಅರಿಶಿನ ಹಚ್ಚಿ ಒಣಗಿಸಿಟ್ಟಿದೀನಿ ಕಣಮ್ಮ ಮನೇಲಿ.”

ಮನೋಹರ ಕವರನ್ನು ಎದೆಗೆ ಒತ್ತಿಕೊಂಡು ನಿಂತಿದ್ದ. “ಹಬ್ಬ ಬರ್ಲಿ ಅಂತ ಕಾದೆ,” ಎಂದ. “ಹಬ್ಬ ಇನ್ನು ವಾರ ಇತ್ತು.”

ರಾಮಣ್ಣ ಮೆಟ್ಟಿಲಿಳಿದು ಬಂದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮದುವೆಯ ದಿನದ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ. “ಬಾರಪ್ಪ,” ಎಂದ ರಾಮಣ್ಣ, “ಅತ್ತೆ ತೋಟ್ದಲ್ಲವ್ಳೆ. ತೋರಿಸ್ತೀನಿ.”

ತೋಟದ ಮೂಲೆಯ ಮಣ್ಣು ಮಳೆಗೆ ಅರ್ಧ ಕುಸಿದಿತ್ತು. ಹಾಲುತುಪ್ಪ ಬಿಟ್ಟಾಯಿತು. ಕೊಡಲೆಂದು ತಂದ ಸೀರೆ ಮನೆಗೆ ವಾಪಸ್ ಹೋಗಬಾರದು ಎಂದು ಹಿರಿಯ ಹೆಂಗಸು ಹೇಳಿದಳು. ಮನೋಹರ ಕವರು ಹರಿದು ಸೀರೆ ತೆಗೆದ. ಹಳದಿ ಮೈ, ಹಸಿರು ಅಂಚು. ಅವನೂ ಅರುಣನೂ ಎರಡು ತುದಿ ಹಿಡಿದು ಮಣ್ಣಿನ ಮೇಲೆ ಉದ್ದಕ್ಕೆ ಹಾಸಿದರು. ಗಾಳಿಗೆ ಏಳದ ಹಾಗೆ ನಾಲ್ಕು ಮೂಲೆಗೆ ಕಲ್ಲಿಟ್ಟರು. ಹಸಿ ಮಣ್ಣಿನ ನೀರು ಬಟ್ಟೆಗೆ ಏರತೊಡಗಿತು. ಜನ ಒಬ್ಬೊಬ್ಬರಾಗಿ ಕೈ ಮುಗಿದು ಹೊರಟರು.

ಸೌಜನ್ಯ ಹೊರಡಲಿಲ್ಲ. ಸೀರೆಯ ತಲೆಯ ಕಡೆ ಮಂಡಿಯೂರಿ ಕೂತು, ಸೆರಗಿನ ತುದಿಯನ್ನು ಬೆರಳಲ್ಲಿ ತಡವುತ್ತಿದ್ದಳು. ಅಂಗಡಿಯವರು ಬೆಲೆಚೀಟಿಗೆ ಹೊಡೆದಿದ್ದ ಪಿನ್ನು ಬಟ್ಟೆಯಲ್ಲೇ ಉಳಿದಿತ್ತು. ಉಗುರಿನಿಂದ ಮೀಟಿ ಮೀಟಿ, ಎಳೆ ಹರಿಯದ ಹಾಗೆ ಅದರ ಕಾಲುಗಳನ್ನು ಬಿಡಿಸತೊಡಗಿದಳು.

“ಅದೇನವ್ವ?” ಹಿಂದೆ ನಿಂತಿದ್ದ ರಾಮಣ್ಣ ಕೇಳಿದ.

“ಪಿನ್ನು ಮಾವ. ಅತ್ತೆಗೆ ಚುಚ್ಚುತ್ತೆ.”

ರಾಮಣ್ಣ ಅವಳ ಪಕ್ಕದಲ್ಲಿ ಒದ್ದೆ ಮಣ್ಣಿನ ಮೇಲೇ ಕೂತ.

“ಸರ್ಯಾಗಿ ನೋಡವ್ವ,” ಎಂದ. “ಇನ್ನೊಂದು ಇದ್ದಾತು.”